ಎಂ.ಎ. ಓದುವಾಗಿನ ಗುರುವಾರಗಳು

ಎಂ.ಎ. ವಿದ್ಯಾರ್ಥಿಗಳಿಗೆ ಸೇವೆಯ ಕೆಲಸವನ್ನು ಯಾರೂ ಹೇಳುವುದಿಲ್ಲ. ಡಿಗ್ರಿಯಲ್ಲಾದರೆ ಎನ್.ಎಸ್.ಎಸ್., ಅಂದರೆ ರಾಷ್ಟ್ರೀಯ ಸೇವಾ ಯೋಜನೆ ಇರುತ್ತದೆ. ಗಾಂಧೀಜಿಯವರ ಜನ್ಮ ಶತಾಬ್ದಿಯ ವರ್ಷ, 1969ರಲ್ಲಿ ಶುರುವಾದ ಯೋಜನೆ ಅದು. ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷದಲ್ಲಿ 240 ಗಂಟೆ, ಮೇಲೆ ಏಳು ದಿನದ ಶಿಬಿರ. ಧಾರವಾಡದಲ್ಲಿ ಬಿ.ಎ. ಓದುವಾಗ ನಾನೂ ಬಿಳಿ ಟೋಪಿ ಹಾಕಿಕೊಂಡು ಗಿಡ ನೆಟ್ಟವಳೇ. ಮುಂಬಯಿಗೆ ಬಂದು ಕಲೀನಾದ ವಿದ್ಯಾನಗರಿಯಲ್ಲಿ, ಮುಂಬಯಿ ವಿಶ್ವವಿದ್ಯಾಲಯದ ಆವರಣದಲ್ಲಿ, ಎಂ.ಎ. ಸೇರಿದ ಮೇಲೆ ಆ ಕಾಲ ಮುಗಿಯಿತು ಎಂದುಕೊಂಡಿದ್ದೆ. ಇನ್ನು ಓದು, ಪ್ರಬಂಧ, ನೆಟ್ ಪರೀಕ್ಷೆ, ನೌಕರಿ, ಅಷ್ಟೇ.

ಹಾಗಲ್ಲ ಎಂದು ತೋರಿಸಿಕೊಟ್ಟವರು ನಮ್ಮ ಮೇಡಂ. ನನ್ನ ಸಹಪಾಠಿಗಳಲ್ಲಿ ಹೆಚ್ಚಿನವರು ಉಡುಪಿ, ಮಂಗಳೂರು ಮೂಲದವರು. ಬೊರಿವಲಿ, ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದವರು. ಮನೆಯಲ್ಲಿ ತುಳು, ಬೀದಿಯಲ್ಲಿ ಮರಾಠಿ. ಮೇಡಂ ಒಂದು ದಿನ ಕ್ಲಾಸು ಮುಗಿದ ಮೇಲೆ ನನ್ನನ್ನು ನಿಲ್ಲಿಸಿ, "ನೀನು ಧಾರವಾಡದವಳಲ್ಲವಾ? ಕಲಬುರ್ಗಿ ಕಡೆಯವರ ಮಾತು ನಿನಗೆ ಸರಿಯಾಗಿ ತಿಳಿಯುತ್ತದೆ. ಗುರುವಾರ ಮಧ್ಯಾಹ್ನ ನಿನಗೆ ಕ್ಲಾಸಿಲ್ಲ. ದಾದರಿಗೆ ಹೋಗಿ ಬಾ" ಎಂದರು.

ದಾದರಿನಲ್ಲಿರುವುದು ಸಂತ ಗಾಡಗೆ ಮಹಾರಾಜರ ಹೆಸರಿನ ಧರ್ಮಶಾಲೆ. ಪೊರಕೆ ಹಿಡಿದು ಊರೂರು ಗುಡಿಸುತ್ತ, ರಾತ್ರಿ ಕೀರ್ತನೆ ಮಾಡುತ್ತಿದ್ದ ಆ ಮಹಾರಾಜರು ತೀರಿಕೊಂಡದ್ದು 1956ರಲ್ಲಿ. ಪರೇಲಿನ ಟಾಟಾ ಮೆಮೋರಿಯಲ್ ಆಸ್ಪತ್ರೆಗೆ ಕ್ಯಾನ್ಸರ್ ಚಿಕಿತ್ಸೆಗೆಂದು ಬರುವ ಬಡವರು ಅಲ್ಲಿ ಉಳಿದುಕೊಳ್ಳುತ್ತಾರೆ. 1941ರಲ್ಲಿ ಬಾಗಿಲು ತೆರೆದ ಆ ಆಸ್ಪತ್ರೆಗೆ ಇಡೀ ದೇಶದಿಂದ ಜನ ಬರುತ್ತಾರೆ. ನಮ್ಮ ರಾಯಚೂರು, ಯಾದಗಿರಿ, ಕಲಬುರ್ಗಿಯವರಿಗೆ ಉದ್ಯಾನ್ ಎಕ್ಸ್‌ಪ್ರೆಸ್ ಇದೆ. ಹತ್ತಿ ಕುಳಿತರೆ ನೇರ ಮುಂಬಯಿ. ಇಳಿದ ಮೇಲಿನದೇ ಕಷ್ಟ. ಕೌಂಟರಿನಲ್ಲಿ ಹಿಂದಿ ಇಲ್ಲವೇ ಮರಾಠಿ, ಕಾಗದದ ಮೇಲೆ ಇಂಗ್ಲಿಷು.

ನನ್ನ ಕೆಲಸ ಜೊತೆಗೆ ನಿಲ್ಲುವುದು. ಫೈಲಿನ ಕಾಗದಗಳನ್ನು ತಾರೀಖಿನ ಪ್ರಕಾರ ಜೋಡಿಸುವುದು, ಮುಂದಿನ ಸಲ ಯಾವಾಗ, ಎಲ್ಲಿಗೆ ಬರಬೇಕೆಂದು ಕನ್ನಡದಲ್ಲಿ ಬರೆದು ಕೊಡುವುದು, ಡಾಕ್ಟರರು ಹೇಳಿದ್ದನ್ನು ಮನೆಯವರಿಗೆ, ಮನೆಯವರು ಕೇಳಿದ್ದನ್ನು ಡಾಕ್ಟರರಿಗೆ ಮುಟ್ಟಿಸುವುದು. ಹೇಳಿದರೆ ಇಷ್ಟೇ.

ಶಹಾಪುರ ಕಡೆಯ ಒಬ್ಬ ಅಜ್ಜನನ್ನು ಸ್ಕ್ಯಾನಿಗೆಂದು ಒಂದು ಲ್ಯಾಬಿಗೆ ಕರೆದುಕೊಂಡು ಹೋಗಿದ್ದೆ. ಖಾಲಿ ಹೊಟ್ಟೆಯಲ್ಲಿ ಬರಬೇಕು ಎಂದು ಹಿಂದಿನ ದಿನವೇ ಹೇಳಿದ್ದರು. ಅಜ್ಜ ರಾತ್ರಿಯಿಂದ ರೊಟ್ಟಿ ಮುಟ್ಟಿರಲಿಲ್ಲ. ಆದರೆ ಬೆಳಿಗ್ಗೆ ಎದ್ದು ಸಕ್ಕರೆ ಹಾಕಿದ ಚಹಾ ಕುಡಿದು, ತಂಬಾಕು ಬಾಯಿಗೆ ಹಾಕಿಕೊಂಡು ಬಂದಿದ್ದ. ಅವತ್ತು ಸ್ಕ್ಯಾನ್ ಆಗಲಿಲ್ಲ. "ಚಾ ಕುಡದ್ರ ಉಂಡಂಗ ಆಯ್ತೇನ್ರಿ?" ಎಂದು ಅಜ್ಜ ನಿಜಕ್ಕೂ ತಿಳಿಯದೆ ಕೇಳಿದ. ಅಲ್ಲಿ ಯಾರದೂ ತಪ್ಪಿರಲಿಲ್ಲ. ಹೇಳಿದವರು ಸರಿಯಾಗಿಯೇ ಹೇಳಿದ್ದರು, ಕೇಳಿದವನು ತನಗೆ ತಿಳಿದಂತೆ ಸರಿಯಾಗಿಯೇ ನಡೆದುಕೊಂಡಿದ್ದ.

ಮರುವಾರ ನಾವು ಮೂವರು ಸಹಪಾಠಿಗಳು ಕೂತು ದಪ್ಪ ಅಕ್ಷರದಲ್ಲಿ ಚೀಟಿ ಬರೆದೆವು: "ರಾತ್ರಿ ಉಂಡ ಮ್ಯಾಲ ಏನೂ ತಿನ್ನಬ್ಯಾಡ್ರಿ. ಚಾ, ಹಾಲು, ಎಲಿ-ಅಡಿಕಿ, ತಂಬಾಕು ಸೈತ ಬ್ಯಾಡ. ನೀರು ಕುಡೀಬೇಕೋ ಬ್ಯಾಡೋ ಅಲ್ಲೇ ಕೇಳ್ಕೋರಿ." ರೇಡಿಯೇಶನ್ ತಗೊಳ್ಳುವವರಿಗೆ ಇನ್ನೊಂದು ಚೀಟಿ: ರೇಡಿಯೇಶನ್ ಎಲ್ಲಿ ಕೊಡಬೇಕೆಂದು ಮೈಮೇಲೆ ಹಾಕಿದ ಗುರುತಿನ ಗೆರೆಗಳನ್ನು ತೊಳೆಯಬೇಡಿ, ಖಾರ ಬಿಡಿ, ಮೆತ್ತಗಿನ ಅನ್ನ ಉಣ್ಣಿ. ಎಲ್ಲವನ್ನೂ ಆಸ್ಪತ್ರೆಯ ಸಮಾಜ ಕಾರ್ಯ ವಿಭಾಗದವರಿಗೆ ಓದಿ ಹೇಳಿ, ಅವರು ಒಪ್ಪಿದ ಮೇಲಷ್ಟೇ ಹಂಚಿದೆವು. ಎರಡು ವರ್ಷದ ಎಂ.ಎ.ಯಲ್ಲಿ ನಾನು ಬರೆದದ್ದರಲ್ಲೆಲ್ಲ ನನಗೆ ಹೆಮ್ಮೆ ಇರುವುದು ಆ ಚೀಟಿಗಳ ಬಗ್ಗೆ.

ಆ ವಿಭಾಗದವರ ಬಗ್ಗೆ ಒಂದು ಮಾತು ಹೇಳಲೇಬೇಕು. ಈ ಕೆಲಸ ಮುಂಬಯಿಯಲ್ಲಿ ನಿನ್ನೆ ಮೊನ್ನೆಯದಲ್ಲ; ಇಲ್ಲಿನ ಜೆ.ಜೆ. ಆಸ್ಪತ್ರೆ 1946ರಲ್ಲಿಯೇ ಸಮಾಜ ಕಾರ್ಯಕರ್ತರನ್ನು ನೇಮಿಸಿಕೊಂಡಿತ್ತು. ಸ್ವಯಂಸೇವಕರಾಗಲು ಹೊರಟವರು ನೇರ ವಾರ್ಡಿಗೆ ನುಗ್ಗದೆ ಅವರ ಮೂಲಕವೇ ಹೋಗಬೇಕು. ಏನು ಮಾಡಬಾರದು ಎಂಬುದನ್ನು ನನಗೆ ಕಲಿಸಿದವರು ಅವರೇ. ಔಷಧದ ಬಗ್ಗೆ ಸ್ವಂತ ಅಭಿಪ್ರಾಯ ಹೇಳಬಾರದು. ಡಾಕ್ಟರರ ಮಾತಿಗೆ ಸಕ್ಕರೆ ಸವರಬಾರದು, ಕತ್ತರಿಯನ್ನೂ ಆಡಿಸಬಾರದು.

ಇದು ಬಾಯಲ್ಲಿ ಹೇಳಿದಷ್ಟು ಸುಲಭವಿಲ್ಲ. ಅದೇ ಅಜ್ಜನ ಮಗ ನನ್ನನ್ನು ಮೆಟ್ಟಿಲ ಬಳಿ ಕರೆದು, "ಅಪ್ಪಗ ಗೊತ್ತಾಗೋದು ಬ್ಯಾಡ ಅಕ್ಕಾ, ಗಂಟಲದಾಗ ಗಾಯ ಆಗ್ಯಾದ ಅಂತ ಹೇಳ್ರಿ" ಎಂದು ಕೈಮುಗಿದಿದ್ದ. ಅವನ ಪ್ರೀತಿ ನನಗೆ ಅರ್ಥವಾಗುತ್ತಿತ್ತು. ಆದರೂ ಸುಳ್ಳು ಹೇಳುವ ಅಧಿಕಾರ ನನಗಿರಲಿಲ್ಲ; ಅವನ ಕೋರಿಕೆಯನ್ನು ಡಾಕ್ಟರರಿಗೆ ಹಾಗೆಯೇ ತಿಳಿಸಿದೆ. ಕೆಲವು ವಾರಗಳ ನಂತರ ಅಜ್ಜನೇ ನನ್ನನ್ನು ಕೇಳಿದ, ಇವರೆಲ್ಲ ಏನು ಗುಸುಗುಸು ಮಾಡುತ್ತಾರೆಂದು. "ಡಾಕ್ಟರನ್ನ ನೀವ ಕೇಳ್ರಿ ಅಜ್ಜಾ, ನಾ ಬಾಜೂಕ ನಿಂತು ಕನ್ನಡದಾಗ ಹೇಳ್ತೀನಿ" ಎಂದೆ. ಅವನು ಕೇಳಿಯೇಬಿಟ್ಟ. ಡಾಕ್ಟರರು ಕುರ್ಚಿ ಹತ್ತಿರ ಎಳೆದುಕೊಂಡು, ಒಂದೊಂದೇ ವಾಕ್ಯ ಹೇಳಿ ನನಗಾಗಿ ಕಾದರು. ಎಲ್ಲ ಕೇಳಿಸಿಕೊಂಡ ಅಜ್ಜ ಸ್ವಲ್ಪ ಹೊತ್ತು ಬಿಟ್ಟು ಕೇಳಿದ್ದು ಒಂದೇ: "ಮಿರಗಕ್ಕ ಊರಿಗಿ ಹೋಗ್ಲಾಕ ಆಗ್ತದೇನ್ ತಂಗಿ?" ಮಿರಗ ಅಂದರೆ ಮೃಗಶಿರಾ ಮಳೆ, ತೊಗರಿ ಬಿತ್ತುವ ಕಾಲ. ಮಗ ಗೋಡೆಗೆ ಮುಖ ಮಾಡಿ ನಿಂತಿದ್ದ. ಅವತ್ತಿನಿಂದ ಅಪ್ಪ ಮಗ ಮತ್ತೆ ಹೊಲದ ಮಾತು, ಸಾಲದ ಮಾತು ಆಡತೊಡಗಿದರು.

ಈಗಿನ ವಿದ್ಯಾರ್ಥಿಗಳಿಗೆ ನಾನು ಒತ್ತಿ ಹೇಳುವುದು ವಾರವಾರವೂ ತಪ್ಪದೆ ಹೋಗುವುದರ ಬಗ್ಗೆ. ಇಂಥ ರೋಗಿಗಳಿಗೆ ರೇಡಿಯೇಶನ್ ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ಆರೇಳು ವಾರ ನಡೆಯುತ್ತದೆ. ಒಂದು ದಿನ ಬಂದು ಫೋಟೊ ತೆಗೆಸಿಕೊಂಡು, ಸರ್ಟಿಫಿಕೇಟ್ ಕೇಳಿ ಹೋಗುವವರಿಂದ ಅವರಿಗೆ ಏನೂ ಆಗದು. ಪ್ರತಿ ಗುರುವಾರ ಅದೇ ಮುಖ ಕಂಡರೆ ಮನಸ್ಸಿನಲ್ಲಿದ್ದದ್ದನ್ನು ಕೇಳುವ ಧೈರ್ಯ ಬರುತ್ತದೆ. ವಾರಕ್ಕೊಂದು ಅರ್ಧ ದಿನ ಡಿಗ್ರಿ ಹುಡುಗರಿಗಿಂತ ಎಂ.ಎ., ಪಿಎಚ್.ಡಿ.ಯವರಿಗೇ ಸುಲಭವಾಗಿ ಸಿಗುತ್ತದೆ. ಪರೀಕ್ಷೆ ಬಂದಾಗ ಮೊದಲೇ ತಿಳಿಸಿ ಇನ್ನೊಬ್ಬರನ್ನು ಒಪ್ಪಿಸಿ ಹೋಗಿ. ಉಪಯೋಗಕ್ಕೆ ಬರುವ ಇನ್ನೊಂದು ಸಂಗತಿ: ಚಿಕಿತ್ಸೆಗೆ ಓಡಾಡುವ ಕ್ಯಾನ್ಸರ್ ರೋಗಿಗಳಿಗೆ ರೈಲಿನ ಸ್ಲೀಪರ್ ಮತ್ತು ಥರ್ಡ್ ಎ.ಸಿ.ಯಲ್ಲಿ ಪೂರ್ತಿ ರಿಯಾಯಿತಿ ಇದೆ, ಜೊತೆಗೆ ಹೋಗುವ ಒಬ್ಬರಿಗೆ ಶೇ. 75. ಆಸ್ಪತ್ರೆಯಿಂದ ಫಾರ್ಮು ತುಂಬಿಸಿಕೊಳ್ಳಬೇಕು. ಇದು ಗೊತ್ತಿಲ್ಲದೆ ಸಾಲ ಮಾಡಿ ಟಿಕೆಟ್ ತೆಗೆಸುವವರು ಬಹಳ.

ಆಸ್ಪತ್ರೆ ಎಲ್ಲರಿಗೂ ಆಗಿಬರುವುದಿಲ್ಲ, ಅದರಲ್ಲಿ ಸಂಕೋಚ ಬೇಡ. ಮುಂಬಯಿ ಮಹಾನಗರಪಾಲಿಕೆಯ ಶಾಲೆಗಳಲ್ಲಿ ಕನ್ನಡ ಮಾಧ್ಯಮವೂ ಇದೆ. ಗಾರೆ ಕೆಲಸಕ್ಕೆ ಬಂದವರ ಮಕ್ಕಳಿಗೆ ಸಂಜೆ ಕೂತು ಗಣಿತ ಹೇಳಿಕೊಡುವವರು ಬೇಕು. ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಪಠ್ಯ ಓದಿ ರೆಕಾರ್ಡ್ ಮಾಡಿಕೊಡಬಹುದು. ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಅವರಿಗೆಂದೇ 2003ರಿಂದ ಕೇಂದ್ರವಿದೆ.

ಈ ವರ್ಷ ನಮ್ಮ ಎಂ.ಎ. ವಿಭಾಗಕ್ಕೆ ಬೀದರ, ಕಲಬುರ್ಗಿ, ರಾಯಚೂರು ಕಡೆಯಿಂದ ಯಾರಾದರೂ ಸೇರಿದ್ದರೆ, ಅಥವಾ ಆ ಕಡೆಯ ಮಾತು ತಿಳಿಯುವವರಿದ್ದರೆ, ದಯವಿಟ್ಟು ವಿಭಾಗದ ಕಚೇರಿಯಲ್ಲಿ ಹೆಸರು ಕೊಡಿ. ನಿಮಗೆ ವಾರದ ಯಾವ ದಿನ ಬಿಡುವು ಎಂಬುದನ್ನೂ ಬರೆಯಿರಿ. ಮೊದಲ ಸಲ ನಾನೇ ಜೊತೆಗೆ ಬರುತ್ತೇನೆ.