ಅದು ನಮ್ಮ ದೀಪಾವಳಿ ಅಲ್ಲ

ಬೈಲುಕುಪ್ಪೆಯ ಟಿಬೆಟಿಯನ್ ಕ್ಯಾಂಪಿನಲ್ಲಿ ಹುಟ್ಟಿದವನು ಅಂತ ಹೇಳಿದ ಕೂಡಲೇ ಈ ಪ್ರಶ್ನೆ ಬರುತ್ತದೆ. "ಡಿಸೆಂಬರ್ ಹೊತ್ತಿಗೆ ಮನೆ ತುಂಬ ದೀಪ ಹಚ್ಚುತ್ತೀರಲ್ಲ, ಅದು ನಿಮ್ಮ ದೀಪಾವಳಿನಾ?"

ಅಲ್ಲ. "ಹ್ಞೂಂ, ಒಂಥರಾ ಹಾಗೇನೇ" ಅಂತ ಎಷ್ಟೋ ವರ್ಷ ಹೇಳಿದೆ. ಇನ್ನು ಹೇಳುವುದಿಲ್ಲ.

ಅದರ ಹೆಸರು ಗಾಂದೆನ್ ಙಾಮ್‌ಛೋ. ನಮ್ಮ ಗುರು ತ್ಸೊಂಗ್‌ಖಾಪಾ 1419ರಲ್ಲಿ ತೀರಿಕೊಂಡರು. ನಮ್ಮ ಪಂಚಾಂಗದ ಹತ್ತನೇ ತಿಂಗಳ 25ನೇ ದಿನ ಅವರನ್ನು ನೆನೆಯುತ್ತೇವೆ. ಪಟಾಕಿ ಇಲ್ಲ. ತಾರಸಿ, ಕಿಟಕಿ, ಮೆಟ್ಟಿಲ ಮೇಲೆಲ್ಲ ದೀಪ ಇಟ್ಟು ಅವರ ಪ್ರಾರ್ಥನೆ ಹೇಳುತ್ತೇವೆ.

ಒಂದು ಸಲ ಹೀಗೆ ವಿವರಿಸಿದಾಗ, ನೋಡಲು ಬಂದಿದ್ದ ಒಬ್ಬರು ಬಟ್ಟಲಿಗೆ ಮೂಗು ತಂದು ಕೇಳಿದರು: "ಇದು ಡಾಲ್ಡಾ ಅಲ್ವಾ? ಯಾಕ್ ಪ್ರಾಣಿಯ ಬೆಣ್ಣೆ ಇಲ್ಲದೆ ಸುಮ್ನೆ ಶಾಸ್ತ್ರಕ್ಕೆ ಮಾಡ್ತೀರಾ?"

ನನಗೆ ಸಿಟ್ಟು ಬಂತು. ನಮ್ಮ ಭಾಷೆಯಲ್ಲಿ 'ಯಾಕ್' ಅನ್ನುವುದು ಗಂಡಿಗೆ, ಸ್ವಾಮಿ. ಅದು ಹಾಲು ಕೊಡುವುದಿಲ್ಲ. ಹಾಲು ಕೊಡುವುದು ಹೆಣ್ಣು, ಅದರ ಹೆಸರು ಡ್ರಿ. ಆ ಬೆಣ್ಣೆ ನಮ್ಮವರು ಬಿಟ್ಟು ಬಂದ ದೇಶದಲ್ಲೇ ಉಳಿಯಿತು. 1961ರಲ್ಲಿ ಇಲ್ಲಿ ಕಾಡು ಕಡಿದು ಕ್ಯಾಂಪ್ ಶುರು ಮಾಡಿದಾಗ ನಮ್ಮವರ ಹತ್ತಿರ ಏನಿತ್ತು? ಸಿಕ್ಕ ಎಣ್ಣೆಯಲ್ಲಿ ಹಚ್ಚಿದರು. ನನಗೆ ಅದು ಶಾಸ್ತ್ರ ಅಲ್ಲ. ಈಗ ಮೇಣದಬತ್ತಿ ಹಚ್ಚುವವರೂ ಇದ್ದಾರೆ, ಅದೂ ದೀಪವೇ.

ಯಾರಾದರೂ "ಬತ್ತಿ ಮಾಡೋದು ಹೇಗೆ?" ಅಂತ ಕೇಳಿದ್ದರೆ ಅರ್ಧ ದಿನ ಕೂತು ಹೇಳುತ್ತಿದ್ದೆ.

ನಮ್ಮ ಬಟ್ಟಲಿನ ತಳದಲ್ಲಿ, ಸರಿಯಾಗಿ ನಡುವೆ, ಒಂದು ಸಣ್ಣ ತೂತು. ಪೊರಕೆಯ ಕಡ್ಡಿಗೆ ಹತ್ತಿ ಸುತ್ತಿ ಅದರಲ್ಲಿ ನಿಲ್ಲಿಸಬೇಕು. ಆಮೇಲೆ ಕಾಯಿಸಿದ ಡಾಲ್ಡಾ ನಿಧಾನವಾಗಿ ಸುರಿಯಬೇಕು. ಕಡ್ಡಿ ಸ್ವಲ್ಪ ವಾಲಿದರೂ ಉರಿ ಅಂಚಿಗೆ ತಾಗುತ್ತದೆ. ಅಜ್ಜಿಯನ್ನು ನಾವು ಮೊಮೊಲಾ ಅನ್ನುತ್ತೇವೆ. ಉಸಿರು ದೀಪಕ್ಕೆ ತಾಗಬಾರದು ಅಂತ ಅವಳು ಬಾಯಿಗೆ ಬಟ್ಟೆ ಕಟ್ಟಿಕೊಂಡೇ ಕೂರುತ್ತಿದ್ದಳು.

ಆದರೆ ಹತ್ತಿ ಅವಳ ಮಾತು ಕೇಳುತ್ತಿರಲಿಲ್ಲವಂತೆ, ಒಂದು ಕಡೆ ದಪ್ಪ, ಒಂದು ಕಡೆ ಸಪೂರ. ಒಂದು ದಿನ ಪಕ್ಕದೂರಿನಿಂದ ಮುಸುಕಿನ ಜೋಳದ ಕೆಲಸಕ್ಕೆ ಬಂದಿದ್ದ ಹೆಂಗಸೊಬ್ಬಳು ಅದನ್ನು ನೋಡಿದಳು. ಇವಳಿಗೆ ಕನ್ನಡ ಬಾರದು, ಅವಳಿಗೆ ನಮ್ಮ ಮಾತು ಬಾರದು. ಮಾರನೇ ದಿನ ಸೆರಗಿನ ಗಂಟಿನಲ್ಲಿ ವಿಭೂತಿ ತಂದಳು. ಬೆರಳಿಗೆ ಹಚ್ಚಿಕೊಂಡು ಹತ್ತಿ ಹೊಸೆದು ತೋರಿಸಿದಳು. ಹತ್ತಿ ಹಿಡಿತಕ್ಕೆ ಬಂತು. ಮೊಮೊಲಾ ಆ ಹೆಂಗಸಿನ ಹೆಸರು ಕೇಳಿರಲಿಲ್ಲ. ಪ್ರತಿ ವರ್ಷ ಒಂದು ದೀಪ ಮಾತ್ರ ಬೇರೆ ಇಡುತ್ತಿದ್ದಳು, ಅವಳಿಗೆ ಅಂತ.

ಈಗ ಅದನ್ನು ನಾನು ಇಡುತ್ತೇನೆ. ನಮ್ಮ ಮನೆಯಲ್ಲಿ ಬುದ್ಧನ ಮುಂದಿನ ಕಪಾಟಿನಲ್ಲಿ ಒಂದು ವಿಭೂತಿ ಗಟ್ಟಿ ಯಾವಾಗಲೂ ಇರುತ್ತದೆ. ಅದು ಯಾಕೆ ಅಲ್ಲಿದೆ ಅಂತ ಇನ್ನೂ ಯಾರೂ ಕೇಳಿಲ್ಲ.