ಸುಟ್ಟವನಿಗೂ ಸುಟ್ಟುಹೋದವನಿಗೂ ಕೈಮುಗಿಯುವ ಹುಣ್ಣಿಮೆ

ಫಾಲ್ಗುಣದ ಹುಣ್ಣಿಮೆ ಉತ್ತರ ಭಾರತದವರಿಗೆ ಹೋಲಿಕಾದಹನದ ದಿನವಾದರೆ, ಕನ್ನಡನಾಡಿನಲ್ಲಿ, ಅದರಲ್ಲೂ ಧಾರವಾಡ, ಬಾಗಲಕೋಟೆಗಳ ಕಡೆ, ಅದು ಕಾಮನ ಹುಣ್ಣಿಮೆ. ಅಲ್ಲಿ ಬೆಂಕಿಯಲ್ಲಿ ಬೇಯುವವಳು ಬಾಲಕ ಪ್ರಹ್ಲಾದನನ್ನು ಕೊಲ್ಲಲೆಂದು ತೊಡೆಯ ಮೇಲೆ ಕೂರಿಸಿಕೊಂಡ ಹಿರಣ್ಯಕಶಿಪುವಿನ ತಂಗಿ ಹೋಲಿಕಾ. ಇಲ್ಲಿ ಬೇಯುವವನು ಮನ್ಮಥ. ಹೋಲಿಕಾ ಸತ್ತಳೆಂದು ಯಾರೂ ಅಳುವುದಿಲ್ಲ. ಕಾಮಣ್ಣ ಸುಟ್ಟುಹೋದನೆಂದರೆ ಮಾತ್ರ ಊರಿಗೆ ಊರೇ ಬಾಯಿ ಬಡಿದುಕೊಳ್ಳುತ್ತದೆ.

ಶಿವನ ಮಗನಿಂದಲ್ಲದೆ ತನಗೆ ಸಾವಿಲ್ಲವೆಂಬ ವರ ಪಡೆದ ತಾರಕಾಸುರ ಮೂರು ಲೋಕವನ್ನೂ ಪೀಡಿಸುತ್ತಿದ್ದ ಕಾಲ. ಸತಿಯನ್ನು ಕಳೆದುಕೊಂಡ ಶಿವನೋ ತಪಸ್ಸಿನಲ್ಲಿ ಮುಳುಗಿದ್ದ. ಹಿಮವಂತನ ಮಗಳು ಗಿರಿಜೆ ದಿನವೂ ಬಂದು ಸೇವೆ ಮಾಡಿದರೂ ಕಣ್ಣೆತ್ತಿ ನೋಡಿರಲಿಲ್ಲ. ಆಗ ದೇವತೆಗಳು ಮನ್ಮಥನನ್ನು ಕರೆದು ಆ ತಪಸ್ಸನ್ನು ಕದಲಿಸುವ ಕೆಲಸವನ್ನು ಅವನಿಗೆ ಒಪ್ಪಿಸಿದರು. ಕಬ್ಬಿನ ಬಿಲ್ಲು, ಐದು ಹೂಬಾಣ, ಜೊತೆಗೆ ಗೆಳೆಯ ವಸಂತ ಮತ್ತು ಮಡದಿ ರತಿ, ಇಷ್ಟೇ ಅವನ ಸೈನ್ಯ. ಹಣೆಗಣ್ಣು ತೆರೆದ ಕ್ಷಣಕ್ಕೆ ಅವನು ಬೂದಿಯಾದ. ರತಿಯ ಗೋಳಿಗೆ ಕರಗಿದ ಶಿವ, ಅವನು ದೇಹವಿಲ್ಲದೆ ಅನಂಗನಾಗಿ ಉಳಿಯುವಂತೆಯೂ, ಮುಂದೆ ಕೃಷ್ಣ-ರುಕ್ಮಿಣಿಯರ ಮಗ ಪ್ರದ್ಯುಮ್ನನಾಗಿ ಹುಟ್ಟುವಂತೆಯೂ ಅನುಗ್ರಹಿಸಿದನೆಂದು ಪುರಾಣಗಳು ಹೇಳುತ್ತವೆ.

ಪ್ರವಚನಗಳಲ್ಲಿ ಈ ಕಥೆಯನ್ನು ಅರಿಷಡ್ವರ್ಗದಲ್ಲಿ ಮೊದಲನೆಯದು ಸುಟ್ಟುಹೋಯಿತೆಂದು ಎರಡೇ ಮಾತಿನಲ್ಲಿ ಮುಗಿಸಿಬಿಡುವುದುಂಟು. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಮನ್ಮಥ ತನಗಾಗಿ ಬಾಣ ಹೂಡಿದವನಲ್ಲ. ದೇವತೆಗಳ ಕಾರ್ಯಕ್ಕೆಂದು ಹೋಗಿ ಪ್ರಾಣ ತೆತ್ತವನು. ಅವನು ಹೋಗದಿದ್ದರೆ ಗಿರಿಜೆಯ ಮದುವೆಯೂ ಇಲ್ಲ, ಕುಮಾರಸ್ವಾಮಿಯ ಜನನವೂ ಇಲ್ಲ. ಈ ಋಣವನ್ನು ಶಾಸ್ತ್ರ ಓದದ ಹಳ್ಳಿಯ ಜನ ಹೆಚ್ಚು ಚೆನ್ನಾಗಿ ನೆನಪಿಟ್ಟುಕೊಂಡಿದ್ದಾರೆ.

ಹುಣ್ಣಿಮೆಗೆ ಮುಂಚಿನ ದಿನಗಳಲ್ಲಿ ಓಣಿಯ ಹುಡುಗರು ಹಲಗೆ ಬಡಿಯುತ್ತ ತಿರುಗುತ್ತಾರೆ. ತೊಗಲು ಸಡಿಲವಾಗಿ ದನಿ ಕುಂದಿದರೆ ಒಂದಿಷ್ಟು ರವದಿಗೆ, ಅಂದರೆ ಒಣಗರಿಗೆ, ಬೆಂಕಿ ಹಚ್ಚಿ, ಅದರ ಕಾವಿಗೆ ಹಲಗೆಯನ್ನು ಹಿಡಿದು, ಬೆರಳಿನಿಂದ ತಟ್ಟಿ ನೋಡಿ ಮತ್ತೆ ಹೊರಡುತ್ತಾರೆ. ಮನೆಮನೆಗೆ ಹೋಗಿ ಬೇಡಿದ ಕಟ್ಟಿಗೆ, ಕುಳ್ಳು ಸಾಲದಿದ್ದರೆ ಹಿತ್ತಿಲಿನದನ್ನು ಕದಿಯುತ್ತಾರೆ, ‘ಏನೇನು ಕದ್ದರು? ಕಟ್ಟಿಗಿ ಕುಳ್ಳು ಕದ್ದರು’ ಎಂದು ತಾವೇ ಹಾಡಿಕೊಳ್ಳುವುದರಿಂದ ಆ ದಿನಗಳ ಕಳವಿಗೆ ಯಾರೂ ಜಗಳಕ್ಕೆ ನಿಲ್ಲುವುದಿಲ್ಲ. ಹುಣ್ಣಿಮೆಯಂದು ಮನೆಯಲ್ಲಿ ಹೋಳಿಗೆಯ ಅಡುಗೆ. ಓಣಿಯ ಚಪ್ಪರದಲ್ಲಿ ಕಾಮ-ರತಿಯರನ್ನು ಜೋಡಿಯಾಗಿ ಕೂರಿಸಿ, ಹೂವು ಏರಿಸಿ, ಕಾಯಿ ಒಡೆದು, ನೈವೇದ್ಯ ಮಾಡಿ, ಆಮೇಲೆಯೇ ಕಾಮನ ಪ್ರತಿಕೃತಿಗೆ ಬೆಂಕಿ ಇಡುವುದು. ಪೂಜಿಸಿದ ಕೈಗಳೇ ಸುಡುತ್ತವೆ. ಸುಟ್ಟವರೇ ಬಾಯಿಗೆ ಕೈಯಿಟ್ಟು ಲಬೋ ಲಬೋ ಎಂದು ಹೊಯ್ಕೊಳ್ಳುತ್ತಾರೆ. ಗೇಲಿಯಂತೆ ಕಾಣುವ ಈ ಕೂಗಿನಲ್ಲಿ ರತಿಯ ಅಳುವೂ ಇದೆಯೆಂದು ನಾನು ನಂಬಿದ್ದೇನೆ. ಆ ಕೆಂಡದಲ್ಲಿ ಕಡಲೆ ಹುರಿದು ತಿಂದರೆ ಹಲ್ಲು ಗಟ್ಟಿಯಾಗುತ್ತವೆ ಎನ್ನುವುದು ಹಿರಿಯರ ಮಾತು. ಸಿಪ್ಪೆ ಕರಿಕಾದ, ಬೂದಿ ಹತ್ತಿದ ಆ ಕಡಲೆಯನ್ನು ಅಂಗೈಯಲ್ಲಿ ತಿಕ್ಕಿ, ಊದಿ, ಮಕ್ಕಳಿಗೆ ಪ್ರಸಾದದಂತೆ ಹಂಚುತ್ತಾರೆ.

ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ಈ ಭಕ್ತಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅಲ್ಲಿಯ ರಾಮಲಿಂಗ ಕಾಮಣ್ಣ ಬೇಡಿದ್ದನ್ನು ಕೊಡುವ ದೇವರು. ಹಬ್ಬದ ಕೆಲವೇ ದಿನ ಸಿಗುವ ಅವನ ದರ್ಶನಕ್ಕೆ ದೂರದೂರುಗಳಿಂದ ಜನ ಬಂದು ಸಾಲುಗಟ್ಟಿ ನಿಲ್ಲುತ್ತಾರೆ. ಮಕ್ಕಳಾಗಲೆಂದು ಹರಕೆ ಹೊತ್ತವರು ಬೆಳ್ಳಿಯ ತೊಟ್ಟಿಲನ್ನು ತಂದು ಒಪ್ಪಿಸುತ್ತಾರೆ. ಶಿವನ ಮನೆಗೆ ಮಗು ಬರಲೆಂದು ಬಾಣ ಹೂಡಿದವನ ಮುಂದೆ ತೊಟ್ಟಿಲು ಇಡುವುದಕ್ಕಿಂತ ತಕ್ಕ ಕಾಣಿಕೆ ಯಾವುದಿದ್ದೀತು?

ಮರುದಿನದ ಓಕುಳಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಎತ್ತಿನ ಬಂಡಿಗಳ ಮೇಲೆ ಬಣ್ಣದ ಬ್ಯಾರಲ್‌ಗಳನ್ನು ಹೇರಿಕೊಂಡು ಬೀದಿಗಿಳಿಯುವ ಬಾಗಲಕೋಟೆಯ ಹೋಳಿ ಎಲ್ಲರಿಗೂ ಗೊತ್ತು. ಅರಿಸಿನಕ್ಕೆ ಸುಣ್ಣ ಬೆರೆಸಿದರೆ ಕೆಂಪು ಓಕುಳಿ, ಈ ತಿಂಗಳಲ್ಲೇ ಅರಳುವ ಮುತ್ತುಗದ ಹೂವನ್ನು ಕುದಿಸಿದರೆ ಕೇಸರಿ ನೀರು. ಇವೆರಡೂ ಕೈಗೆಟಕುವಂತಿರುವಾಗ ವಾರಗಟ್ಟಲೆ ಚರ್ಮ ಬಿಡದ ಪೇಂಟನ್ನು ಮುಖಕ್ಕೆ ಮೆತ್ತುವುದು ದೇವರಿಗೂ ಬೇಡ, ವಸಂತನಿಗೂ ಬೇಡ. ಈ ಆಟ ನಮ್ಮಲ್ಲಿ ಹಳೆಯದೇ. 15ನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದಿದ್ದ ಇಟಲಿಯ ಪ್ರವಾಸಿ ನಿಕೊಲೊ ಕೊಂಟಿ, ಜನರು ದಾರಿಬದಿಯಲ್ಲಿ ಕೇಸರಿ ನೀರನ್ನಿಟ್ಟುಕೊಂಡು ಹೋಗುಬರುವವರ ಮೇಲೆಲ್ಲ ಎರಚುತ್ತಿದ್ದರೆಂದೂ, ರಾಜ-ರಾಣಿಯರನ್ನೂ ಬಿಡುತ್ತಿರಲಿಲ್ಲವೆಂದೂ ಬರೆದಿದ್ದಾನೆ. ಹಂಪೆಯ ಮಹಾನವಮಿ ದಿಬ್ಬದ ಕಲ್ಲಿನಲ್ಲಿಯೂ ಬಣ್ಣದ ನೀರೆರಚಿ ಆಡುವವರ ಚಿತ್ರವಿದೆ.

ಹಂಪೆಗೆ ಈ ಹುಣ್ಣಿಮೆಯ ಸಂಬಂಧ ಬರಿಯ ಓಕುಳಿಯದಲ್ಲ. ಕಾಮದಹನ ನಡೆದದ್ದು ವಿರೂಪಾಕ್ಷ ದೇವಾಲಯದ ಪಕ್ಕದ ಹೇಮಕೂಟ ಗುಡ್ಡದಲ್ಲಿ ಎಂಬುದು ಅಲ್ಲಿಯ ಸ್ಥಳಪುರಾಣ; ಗುಡಿಯ ಹತ್ತಿರದ ಹೊಂಡಕ್ಕೆ ಇಂದಿಗೂ ಮನ್ಮಥನದೇ ಹೆಸರು. ಗಿರಿಜೆಯ ಮದುವೆಯನ್ನು ಕನ್ನಡದಲ್ಲಿ ಚಂಪೂಕಾವ್ಯವಾಗಿ ಹಾಡಿದ ಹರಿಹರನೂ ಇದೇ ವಿರೂಪಾಕ್ಷನ ಭಕ್ತ. ಈಗ ಹೋಳಿಯ ದಿನ ಹಂಪೆಯ ಬೀದಿಗಳಲ್ಲಿ ವಿದೇಶಿ ಪ್ರವಾಸಿಗರೂ ಊರವರೊಡನೆ ಬಣ್ಣದಲ್ಲಿ ಮೀಯುತ್ತಾರೆ, ಸಂಜೆಗೆ ತುಂಗಭದ್ರೆಯಲ್ಲಿ ತೊಳೆದುಕೊಂಡು ಹೊರಡುತ್ತಾರೆ. ಹಾಗೆ ಹೊರಟವರು ಸಾಧ್ಯವಾದರೆ ಒಂದು ತಿಂಗಳು ಕಳೆದು ಚೈತ್ರದ ಹುಣ್ಣಿಮೆಗೆ ಮತ್ತೊಮ್ಮೆ ಬರಬೇಕು. ಆ ಹೊತ್ತಿಗೆ ಪಂಪಾ-ವಿರೂಪಾಕ್ಷರ, ಅಂದರೆ ಗಿರಿಜೆ-ಶಿವರ, ಕಲ್ಯಾಣ ನಡೆದು ರಥ ಬೀದಿಗೆ ಬಂದಿರುತ್ತದೆ. ಮನ್ಮಥ ಯಾವ ಕೆಲಸಕ್ಕೆಂದು ಹೋಗಿ ಸುಟ್ಟುಹೋದನೋ ಆ ಕೆಲಸ ಕೈಗೂಡಿದ್ದನ್ನು ಅದೇ ಬೀದಿಯಲ್ಲಿ ನಿಂತು ನೋಡಬಹುದು.