ಎರಡು ಹೆಜ್ಜೆ ಹಿಂದೆ

ಇವತ್ತು ಮೊದಲ ಸಲ ಇಡೀ ಹಾಕಿ ಪಂದ್ಯಕ್ಕೆ ಸೀಟಿ ಊದಿದೆ. ಅಂಪೈರ್‌ಗಳು ಇಬ್ಬರು, ಒಬ್ಬೊಬ್ಬರಿಗೆ ಅರ್ಧ ಮೈದಾನ. ಮೂರನೇ ಕ್ವಾರ್ಟರ್‌ನಲ್ಲಿ ಗೋಲಿನ ಮುಂದಿನ ಸರ್ಕಲ್ ಒಳಗೆ ಚೆಂಡು ಡಿಫೆಂಡರ್ ಕಾಲಿಗೆ ತಾಗಿದ್ದು ನನಗೆ ಕಾಣಲೇ ಇಲ್ಲ. ಎರಡು ಹೆಜ್ಜೆ ಹಿಂದಿದ್ದೆ, ಅಷ್ಟೇ. ಆ ತಪ್ಪಿಗೆ ಪೆನಾಲ್ಟಿ ಕಾರ್ನರ್, ಅಂದ್ರೆ ಗೋಲಿಗೆ ಹೊಡೆಯೋ ಒಂದು ಅವಕಾಶ, ಸಿಗಬೇಕಿದ್ದ ಹುಡುಗಿ ಒಮ್ಮೆ ನನ್ನ ಮುಖ ನೋಡಿದಳು, ಏನೂ ಅನ್ನದೆ ತಿರುಗಿ ಓಡಿದಳು. ಆ ನೋಟ ಇನ್ನೂ ಹೋಗಿಲ್ಲ. ಹಸಿರು ಕಾರ್ಡಿಗೆ 2 ನಿಮಿಷ ಹೊರಗೆ, ಹಳದಿಗೆ ಕನಿಷ್ಠ 5, ಇದೆಲ್ಲ ಬಾಯಿಪಾಠ. ಎಲ್ಲಿ ನಿಲ್ಲಬೇಕು ಅನ್ನೋದು ಮಾತ್ರ ಕಾಲಿಗೇ ಬರಬೇಕು.

ಸಂಜೆಯಿಂದ ಪುಚ್ಚಿಮಂಡ ಅನುಪಮಾ ಅಕ್ಕ ನೆನಪಾಗ್ತಿದ್ದಾರೆ. ನಮ್ಮ ಕೊಡಗಿನವರು. ಆಟಗಾರ್ತಿಯಾಗಿದ್ದು, ಆಮೇಲೆ ಸೀಟಿ ಹಿಡಿದು ಅಂತರರಾಷ್ಟ್ರೀಯ ಪಂದ್ಯಗಳವರೆಗೂ ಹೋದವರು. 2021ರ ಏಪ್ರಿಲ್‌ನಲ್ಲಿ ಕೊರೊನಾಕ್ಕೆ ತೀರಿಕೊಂಡರು. ನಾನು ಅವರನ್ನು ಭೇಟಿಯಾದವಳಲ್ಲ, ಆದರೂ ಅಕ್ಕ ಅಂತಲೇ ಬಾಯಿಗೆ ಬರುತ್ತೆ. ಜಿಲ್ಲೆ, ರಾಜ್ಯ, ರಾಷ್ಟ್ರಮಟ್ಟ ದಾಟಿ ಅಷ್ಟು ದೂರ ಹೋಗೋ ಮುಂಚೆ ಅವರಿಗೂ ಇಂಥದ್ದೊಂದು ಸಂಜೆ ಇದ್ದಿರಬಹುದಾ? ಕೇಳೋಕೆ ಈಗ ಅವರಿಲ್ಲ.

ನಾಳೆ ಬೆಳಿಗ್ಗೆ ಏಳಕ್ಕೆ ಇನ್ನೊಂದು ಪಂದ್ಯ. ಗೋಲಿರೋ ಬೇಸ್‌ಲೈನ್ ಹತ್ತಿರವೇ ನಿಲ್ತೀನಿ.